ಪರೀಕ್ಷೆಯನ್ನೇ ಅಳೆಯುವುದು ಹೇಗೆ?

ವಿದ್ಯುನ್ಮಂಡಲವೊಂದರಲ್ಲಿ ಅಮ್ಮೀಟರನ್ನು ಜೋಡಿಸಿ ಸ್ವಿಚ್ಚನ್ನು ಒತ್ತಿದಾಗ ಅದರ ಮುಳ್ಳು ಸೊನ್ನೆಯಿಂದ ಕದಲಲಿಲ್ಲವೆಂದು ಭಾವಿಸಿರಿ. ಇದರಿಂದ ನಾವು ಏನನ್ನು ತಿಳಿಯಬೇಕು? ಮಂಡಲದಲ್ಲಿ ಪ್ರವಾಹವೇ ಇಲ್ಲವೆಂದು ಒಬ್ಬ ವಿದ್ಯಾರ್ಥಿಯು ಹೇಳಬಹುದು. ಪ್ರವಾಹವೇನೋ ಇದೆ, ಆದರೆ ಅಮ್ಮೀಟರು ಅದು ಹರಿಯುವ ಹಾದಿಯಲ್ಲಿಲ್ಲವೆಂದು ಇನ್ನೊಬ್ಬನು ಹೇಳಬಹುದು. ಎರಡೂ ಸಾಧ್ಯವೇ. ಆದುದರಿಂದ ಸೊನ್ನೆಯನ್ನು ನಂಬುವುದಕ್ಕೆ ಮೊದಲು ಉಪಕರಣವು ಮಂಡಲದೊಳಗೆ ಇದೆಯೇ ಎಂದು ನೋಡಿಕೊಳ್ಳುವುದು ಪ್ರಯೋಗಶಾಲೆಯ ಮೊದಲ ಪಾಠಗಳಲ್ಲೊಂದು. ಈ ಪಾಠವು ಗಣಕಯಂತ್ರಗಳಿಗಾಗಿ ಆದೇಶಗಳನ್ನು ಬರೆಯುವವರಿಗೂ ಅಷ್ಟೇ ಅವಶ್ಯಕವಾದುದು. ಜಾವಾ ಭಾಷೆಯ ಕ್ರಮವಿಧಿಗಳನ್ನು ಪರೀಕ್ಷಿಸುವಾಗ ಆ ಪರೀಕ್ಷೆಯು ಎಷ್ಟು ದೂರ ಮುಟ್ಟಿತೆಂಬುದನ್ನು ಅಳೆಯುವ ಬಗೆಯನ್ನು ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಬಿಡಿ ಭಾಗ ಮತ್ತು ಕೂಡಿದ ಯಂತ್ರ

ಗಣಕಯಂತ್ರವು ಒಂದು ಕೆಲಸವನ್ನು ಮಾಡಲು ಅನುಸರಿಸುವ ಆದೇಶಗಳ ಸಮೂಹಕ್ಕೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎಂದು ಹೆಸರು. ದೊಡ್ಡ ಕ್ರಮವಿಧಿಯನ್ನು ಯಾರೂ ಒಂದೇ ತುಂಡಾಗಿ ಬರೆಯುವುದಿಲ್ಲ. ಗಡಿಯಾರದಲ್ಲಿ ಹಲ್ಲುಚಕ್ರಗಳೂ ಸ್ಪ್ರಿಂಗೂ ಬೇರೆ ಬೇರೆಯಾಗಿ ತಯಾರಾಗಿ ಆಮೇಲೆ ಕೂಡುವಂತೆ, ಕ್ರಮವಿಧಿಯೂ ಅನೇಕ ಘಟಕಗಳಿಂದ ಕೂಡಿರುವುದು. ಒಂದೊಂದು ಘಟಕವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಘಟಕ ಪರೀಕ್ಷೆ. ಘಟಕಗಳನ್ನು ಜೋಡಿಸಿ, ಒಂದರ ಉತ್ತರವು ಮತ್ತೊಂದಕ್ಕೆ ಸರಿಯಾಗಿ ತಲಪುವುದೇ ಎಂದು ನೋಡುವುದು ಸಂಯೋಜನಾ ಪರೀಕ್ಷೆ.

ಎರಡನೆಯದು ಏಕೆ ಬೇಕು? ಭಾಗಗಳೆಲ್ಲ ಸರಿಯಾಗಿದ್ದರೆ ಇಡೀ ಯಂತ್ರವೂ ಸರಿಯಾಗಿರಲೇಬೇಕಲ್ಲವೇ ಎಂದು ಕೇಳಬಹುದು. ಮಂಗಳ ಗ್ರಹದ ಹವೆಯನ್ನು ಅಭ್ಯಸಿಸಲು ನಾಸಾ ಸಂಸ್ಥೆಯು ೧೯೯೮ರ ಡಿಸೆಂಬರಿನಲ್ಲಿ ಹಾರಿಸಿದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆಯು ಇದಕ್ಕೆ ಕಠೋರವಾದ ಉತ್ತರವನ್ನು ಕೊಟ್ಟಿತು. ನೌಕೆಯ ಪುಟ್ಟ ರಾಕೆಟ್ಟುಗಳು ಉರಿದಾಗ ಉಂಟಾಗುವ ಆವೇಗವನ್ನು ಭೂಮಿಯ ಮೇಲಿನ ಒಂದು ಕ್ರಮವಿಧಿಯು ಲೆಕ್ಕ ಹಾಕಿ ಪೌಂಡ್-ಬಲ ಸೆಕೆಂಡುಗಳಲ್ಲಿ ಬರೆದಿಡುತ್ತಿತ್ತು. ಪಥವನ್ನು ಗಣಿಸುತ್ತಿದ್ದವರು ಅದೇ ಅಂಕಿಗಳನ್ನು ನ್ಯೂಟನ್-ಸೆಕೆಂಡುಗಳೆಂದು ಓದಿಕೊಂಡರು. ಒಂದು ಪೌಂಡ್-ಬಲವು ಸುಮಾರು ೪.೪೫ ನ್ಯೂಟನ್‌ಗಳಿಗೆ ಸಮ. ಈ ವ್ಯತ್ಯಾಸವು ತಿಂಗಳುಗಟ್ಟಲೆ ಬೆಳೆಯುತ್ತ ಹೋಯಿತು. ೧೯೯೯ರ ಸೆಪ್ಟೆಂಬರ್ ೨೩ರಂದು ಮಂಗಳದ ನೆಲದಿಂದ ಸುಮಾರು ೨೨೬ ಕಿಲೋಮೀಟರು ಎತ್ತರದಲ್ಲಿ ಸಾಗಬೇಕಾಗಿದ್ದ ನೌಕೆಯು ಸುಮಾರು ೫೭ ಕಿಲೋಮೀಟರಿನಷ್ಟು ಕೆಳಗೆ ಇಳಿದು ನಾಶವಾಯಿತು. ಇಲ್ಲಿ ಗುಣಾಕಾರ ತಪ್ಪಿರಲಿಲ್ಲ, ಭಾಗಾಕಾರ ತಪ್ಪಿರಲಿಲ್ಲ. ಎರಡು ಭಾಗಗಳು ಕೂಡುವ ಸಂದಿನಲ್ಲಿ ತಪ್ಪು ಅಡಗಿತ್ತು.

ವ್ಯಾಪ್ತಿ ಎಂದರೇನು?

ಸಂದುಗಳನ್ನು ಪರೀಕ್ಷಿಸಬೇಕೆಂಬುದು ಸ್ಪಷ್ಟವಾಯಿತು. ಆದರೆ ನಮ್ಮ ಪರೀಕ್ಷೆಗಳು ಕ್ರಮವಿಧಿಯ ಯಾವ ಯಾವ ಮೂಲೆಗೆ ಹೋಗಿ ಬಂದವು, ಯಾವುದನ್ನು ನೋಡದೆ ಬಿಟ್ಟವು ಎಂದು ತಿಳಿಯುವುದು ಹೇಗೆ? ಪರೀಕ್ಷೆ ನಡೆಯುವಾಗ ಯಾವ ಆದೇಶಗಳು ನಿಜವಾಗಿ ನಡೆದವೆಂದು ಗುರುತು ಹಾಕಿಕೊಂಡು, ನಡೆದವು ಒಟ್ಟಿನಲ್ಲಿ ನೂರಕ್ಕೆ ಎಷ್ಟು ಎಂದು ಹೇಳುವ ಅಳತೆಗೆ 'ಕೋಡ್ ಕವರೇಜ್' ಎಂದು ಹೆಸರು. ನಾವು ಅದನ್ನು ವ್ಯಾಪ್ತಿ ಎಂದು ಕರೆಯೋಣ. ಈ ಕಲ್ಪನೆ ಹೊಸದಲ್ಲ. ೧೯೬೩ರಷ್ಟು ಹಿಂದೆಯೇ ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ ಎಂಬವರು ಅಮೆರಿಕದ ಗಣಕತಜ್ಞರ ಸಂಘದ ಪತ್ರಿಕೆಯಲ್ಲಿ ಇಂಥ ಕ್ರಮಬದ್ಧ ಪರಿಶೀಲನೆಯನ್ನು ಕುರಿತು ಬರೆದಿದ್ದರು.

ಒಂದು ಸಣ್ಣ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಪುಸ್ತಕಾಲಯದಲ್ಲಿ ಪುಸ್ತಕವನ್ನು ತಡವಾಗಿ ಹಿಂತಿರುಗಿಸಿದರೆ ದಂಡ ಉಂಟು. ಮೊದಲ ೭ ದಿನಗಳಿಗೆ ದಿನಕ್ಕೆ ೫೦ ಪೈಸೆ. ಆಮೇಲೆ ದಿನಕ್ಕೆ ೧ ರೂಪಾಯಿ. ದಂಡವನ್ನು ಎಣಿಸುವ ಘಟಕವು ಎರಡು ಪ್ರಶ್ನೆಗಳನ್ನು ಕೇಳುವುದು. 'ತಡವಾಗಿದೆಯೇ?' ಎಂಬುದು ಮೊದಲನೆಯದು; 'ತಡವು ೭ ದಿನಗಳನ್ನು ಮೀರಿದೆಯೇ?' ಎಂಬುದು ಎರಡನೆಯದು. ಪ್ರತಿಯೊಂದು ಪ್ರಶ್ನೆಗೂ ಹೌದು, ಇಲ್ಲ ಎಂಬ ಎರಡೆರಡು ಕವಲುಗಳಿರುವುದರಿಂದ ಒಟ್ಟು ೪ ಕವಲುಗಳಾದವು.

೧೦ ದಿನ ತಡವಾದ ಪುಸ್ತಕವೊಂದನ್ನು ಕೊಟ್ಟು ಪರೀಕ್ಷಿಸಿದರೆ ಎರಡು ಪ್ರಶ್ನೆಗಳಿಗೂ ಉತ್ತರ 'ಹೌದು'. ನಾಲ್ಕರಲ್ಲಿ ೨ ಕವಲುಗಳನ್ನು ಮಾತ್ರ ಮುಟ್ಟಿದಂತಾಯಿತು. ಕವಲುಗಳ ವ್ಯಾಪ್ತಿಯು ನೂರಕ್ಕೆ ೫೦. ೩ ದಿನ ತಡವಾದ ಪುಸ್ತಕವನ್ನೂ ಸೇರಿಸಿದರೆ ಎರಡನೆಯ ಪ್ರಶ್ನೆಯ 'ಇಲ್ಲ' ಎಂಬ ಕವಲು ದೊರೆತು ವ್ಯಾಪ್ತಿಯು ೭೫ ಆಗುವುದು. ತಡವೇ ಆಗದ ಪುಸ್ತಕವೊಂದನ್ನು ಕೊಟ್ಟಾಗ ಅದು ೧೦೦ನ್ನು ಮುಟ್ಟುವುದು. ಹೀಗೆಯೇ ಸಾಲುಗಳ ವ್ಯಾಪ್ತಿ, ಆದೇಶಗಳ ವ್ಯಾಪ್ತಿ ಮುಂತಾದವನ್ನೂ ಎಣಿಸಬಹುದು.

ಗುರುತು ಹಾಕುವ ಬಗೆ

೧೯೯೫ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಲೋಕಕ್ಕೆ ಪರಿಚಯಿಸಿದ ಜಾವಾ ಭಾಷೆಯಲ್ಲಿ ಒಂದು ವಿಶೇಷವುಂಟು. ಮನುಷ್ಯನು ಬರೆದ ಸಾಲುಗಳು ನೇರವಾಗಿ ಯಂತ್ರದ ಭಾಷೆಗೆ ತಿರುಗದೆ, ಮೊದಲು ಬೈಟ್‌ಕೋಡ್ ಎಂಬ ಮಧ್ಯಮ ರೂಪವನ್ನು ತಾಳುತ್ತವೆ. ಈ ಬೈಟ್‌ಕೋಡನ್ನು ನಡೆಸುವುದು 'ಜಾವಾ ವರ್ಚುಯಲ್ ಮಶೀನ್', ಎಂದರೆ ಜಾವಾದ ಕಲ್ಪಿತ ಯಂತ್ರ. ಬೈಟ್‌ಕೋಡು ಕಡತದಿಂದ ಈ ಕಲ್ಪಿತ ಯಂತ್ರದೊಳಕ್ಕೆ ಪ್ರವೇಶಿಸುವ ಬಾಗಿಲಲ್ಲಿ ನಿಂತು ಅದನ್ನು ಮಾರ್ಪಡಿಸಲು ಅವಕಾಶವಿದೆ. ಹಾಗೆ ಬಾಗಿಲಲ್ಲಿ ನಿಲ್ಲುವ ಉಪಕ್ರಮವಿಧಿಗೆ ಏಜೆಂಟ್ ಎನ್ನುವರು.

ಜಾವಾದಲ್ಲಿ ವ್ಯಾಪ್ತಿಯನ್ನು ಅಳೆಯಲು ಬಹಳವಾಗಿ ಬಳಕೆಯಲ್ಲಿರುವ ಜಾಕೊಕೊ ಎಂಬ ಸಾಧನವು ಕೆಲಸ ಮಾಡುವುದು ಈ ರೀತಿಯಲ್ಲಿಯೇ. ಅದರ ಏಜೆಂಟು ಆದೇಶಗಳ ಹರಿವಿನ ನಡುನಡುವೆ, ಮುಖ್ಯವಾಗಿ ಕವಲೊಡೆಯುವ ಸ್ಥಳಗಳಲ್ಲಿ, ಪುಟ್ಟ ಗುರುತುಗಾರರನ್ನು ಕೂರಿಸುವುದು. ಪ್ರತಿಯೊಬ್ಬ ಗುರುತುಗಾರನಿಗೂ ಒಂದೊಂದು ಮನೆಯಿರುವ ಪಟ್ಟಿಯುಂಟು. ಮೊದಲು ಎಲ್ಲ ಮನೆಗಳಲ್ಲಿಯೂ 'ಇಲ್ಲ' ಎಂದಿರುವುದು. ಆದೇಶಗಳ ಹರಿವು ಆ ಸ್ಥಳವನ್ನು ದಾಟಿದ ಕೂಡಲೆ ಅಲ್ಲಿಯ ಮನೆಯು 'ಹೌದು' ಎಂದಾಗುವುದು. ಎಷ್ಟು ಬಾರಿ ದಾಟಿತೆಂಬ ಲೆಕ್ಕ ಇಲ್ಲಿಲ್ಲ. ದಾಟಿತೋ ಇಲ್ಲವೋ ಎಂಬುದಷ್ಟೇ. ಆದ್ದರಿಂದಲೇ ಈ ಅಳತೆಯಿಂದ ಕ್ರಮವಿಧಿಯ ವೇಗವು ಹೆಚ್ಚೇನೂ ಕುಗ್ಗುವುದಿಲ್ಲ. ಅಳೆಯುವ ಉಪಕರಣವು ಅಳೆಯಲ್ಪಡುವುದನ್ನು ಆದಷ್ಟು ಕಡಮೆ ಕದಡಬೇಕೆಂಬ ನಿಯಮವನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಅಮ್ಮೀಟರಿನ ರೋಧವನ್ನು ಅತ್ಯಲ್ಪವಾಗಿ ಇಡುವುದೂ ಇದಕ್ಕಾಗಿಯೇ.

ಕಲ್ಪಿತ ಯಂತ್ರವು ತನ್ನ ಕೆಲಸವನ್ನು ಮುಗಿಸಿ ನಿಲ್ಲುವ ಕಾಲಕ್ಕೆ ಏಜೆಂಟು ಈ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಡುವುದು. ಆಮೇಲೆ ಆ ಕಡತವನ್ನೂ ಮೂಲ ಬೈಟ್‌ಕೋಡನ್ನೂ ಹೋಲಿಸಿ, ನಡೆದ ಸಾಲುಗಳನ್ನು ಹಸಿರಾಗಿಯೂ ನಡೆಯದವನ್ನು ಕೆಂಪಾಗಿಯೂ ಕೆಲವು ಕವಲು ಮಾತ್ರ ನಡೆದವನ್ನು ಹಳದಿಯಾಗಿಯೂ ತೋರಿಸುವ ವರದಿಯು ಸಿದ್ಧವಾಗುವುದು.

ಬಿಲ್ಡ್‌ನ ಮೆಟ್ಟಿಲುಗಳು

ಬರೆದ ಸಾಲುಗಳಿಂದ ಬಳಕೆಗೆ ಸಿದ್ಧವಾದ ಕ್ರಮವಿಧಿಯನ್ನು ತಯಾರಿಸುವ ಕೆಲಸಕ್ಕೆ ಬಿಲ್ಡ್ ಎಂದು ಹೆಸರು. ಇದನ್ನು ಪ್ರತಿಸಲವೂ ಕೈಯಿಂದ ಮಾಡುವುದು ಬೇಸರದ ಕೆಲಸ, ತಪ್ಪಿಗೂ ದಾರಿ. ಮೇವನ್ ಎಂಬ ಸಾಧನವು ಇದನ್ನು ಗೊತ್ತಾದ ಮೆಟ್ಟಿಲುಗಳಲ್ಲಿ ತಾನಾಗಿಯೇ ನಡೆಸುವುದು. ಮೊದಲು ಸಾಲುಗಳನ್ನು ಬೈಟ್‌ಕೋಡಿಗೆ ತಿರುಗಿಸುವುದು. ಬಳಿಕ ಘಟಕ ಪರೀಕ್ಷೆ. ಬಳಿಕ ಎಲ್ಲವನ್ನೂ ಒಂದು ಕಟ್ಟಾಗಿ ಕಟ್ಟುವುದು. ಬಳಿಕ ಸಂಯೋಜನಾ ಪರೀಕ್ಷೆಗೆ ಸಿದ್ಧತೆ, ಸಂಯೋಜನಾ ಪರೀಕ್ಷೆ, ಅದರ ಅನಂತರದ ಶುದ್ಧೀಕರಣ. ಕೊನೆಗೆ ಫಲಿತಾಂಶದ ನಿರ್ಣಯ.

ಘಟಕ ಪರೀಕ್ಷೆಗಳನ್ನು ನಡೆಸುವ ಅಂಗಕ್ಕೆ ಶೂರ್‌ಫೈರ್ ಎಂದೂ ಸಂಯೋಜನಾ ಪರೀಕ್ಷೆಗಳನ್ನು ನಡೆಸುವ ಅಂಗಕ್ಕೆ ಫೇಲ್‌ಸೇಫ್ ಎಂದೂ ಹೆಸರು. ಪರೀಕ್ಷೆಯೊಂದು ಸೋತರೆ ಶೂರ್‌ಫೈರ್ ಅಲ್ಲಿಯೇ ಬಿಲ್ಡನ್ನು ನಿಲ್ಲಿಸಿಬಿಡುವುದು. ಫೇಲ್‌ಸೇಫ್ ಹಾಗೆ ಮಾಡದು. ಸಂಯೋಜನಾ ಪರೀಕ್ಷೆಗಾಗಿ ಸರ್ವರು, ದತ್ತಾಂಶ ಭಂಡಾರ ಮುಂತಾದವನ್ನು ಆರಂಭಿಸಿರುತ್ತಾರಷ್ಟೆ. ನಡುವೆಯೇ ಕೈಬಿಟ್ಟರೆ ಅವು ಹಾಗೆಯೇ ಓಡುತ್ತಿರುವುವು. ಆದುದರಿಂದ ಫೇಲ್‌ಸೇಫ್ ಫಲವನ್ನು ಬರೆದಿಟ್ಟುಕೊಂಡು, ಎಲ್ಲವನ್ನೂ ನಿಲ್ಲಿಸಲು ಅವಕಾಶ ಕೊಟ್ಟು, ಕೊನೆಯ ಮೆಟ್ಟಿಲಿನಲ್ಲಿ ಸೋಲು ಗೆಲುವುಗಳನ್ನು ಸಾರುವುದು. ಪ್ರಯೋಗವು ಕೆಟ್ಟರೂ ಬರ್ನರನ್ನು ಆರಿಸಿಯೇ ಪ್ರಯೋಗಶಾಲೆಯಿಂದ ಹೊರಬರುವ ವಿವೇಕವಿದು.

ಈ ಎರಡು ಪರೀಕ್ಷೆಗಳಿಗೆ ಜಾಕೊಕೊವನ್ನು ಎರಡು ಬಾರಿ ಜೋಡಿಸಬೇಕು. ಘಟಕ ಪರೀಕ್ಷೆಗೆ ಮುಂಚೆ 'ಪ್ರಿಪೇರ್-ಏಜೆಂಟ್' ಎಂಬ ಆಜ್ಞೆ. ಸಂಯೋಜನಾ ಪರೀಕ್ಷೆಗೆ ಮುಂಚೆ 'ಪ್ರಿಪೇರ್-ಏಜೆಂಟ್-ಇಂಟಿಗ್ರೇಷನ್' ಎಂಬ ಆಜ್ಞೆ. ಎರಡರ ಗುರುತುಗಳೂ ಬೇರೆ ಬೇರೆ ಕಡತಗಳಿಗೆ ಹೋಗುತ್ತವೆ. ವರದಿಗಳೂ ಬೇರೆ ಬೇರೆಯಾಗಿಯೇ ದೊರೆಯುತ್ತವೆ.

ಸೊನ್ನೆ ಬಂದಾಗ

ಇಷ್ಟಾದ ಮೇಲೆ ವರದಿಯನ್ನು ತೆರೆದು ನೋಡಿದರೆ ಸಂಯೋಜನಾ ಪರೀಕ್ಷೆಯ ವ್ಯಾಪ್ತಿಯು ಸೊನ್ನೆ ಎಂದು ಕಾಣುವ ಪ್ರಸಂಗ ಬಹು ಸಾಮಾನ್ಯ. ಪರೀಕ್ಷೆಗಳೆಲ್ಲ ನಡೆದಿವೆ, ಗೆದ್ದಿವೆ. ಆದರೂ ಒಂದು ಸಾಲೂ ಹಸಿರಾಗಿಲ್ಲ! ಇಲ್ಲಿ ನಮ್ಮ ಅಮ್ಮೀಟರನ್ನು ನೆನೆಯಬೇಕು. ಕಾರಣಗಳು ಹೆಚ್ಚಾಗಿ ಈ ಐದರಲ್ಲಿ ಒಂದಾಗಿರುವುವು.

ಮೊದಲನೆಯದು, ಉಪಕರಣವನ್ನು ಜೋಡಿಸಿಯೇ ಇಲ್ಲದಿರುವುದು. ಜಾಕೊಕೊ ತನ್ನ ಏಜೆಂಟಿನ ವಿಳಾಸವನ್ನು 'ಆರ್ಗ್‌ಲೈನ್' ಎಂಬ ಚೀಟಿಯಲ್ಲಿ ಬರೆದು ಪರೀಕ್ಷೆಯನ್ನು ನಡೆಸುವ ಅಂಗಕ್ಕೆ ಕೊಡುವುದು. ಬಿಲ್ಡನ್ನು ರಚಿಸಿದವರು ಸ್ಮೃತಿಯ ಪ್ರಮಾಣ ಮುಂತಾದುದನ್ನು ತಿಳಿಸಲು ಅದೇ ಚೀಟಿಯನ್ನು ಹೊಸದಾಗಿ ಬರೆದರೆ ಏಜೆಂಟಿನ ವಿಳಾಸವು ಅಳಿಸಿಹೋಗುವುದು. ಹಳೆಯ ಬರಹವನ್ನು ಉಳಿಸಿಕೊಂಡು ಅದರ ಮುಂದೆ ಹೊಸದನ್ನು ಸೇರಿಸುವುದೇ ಇದಕ್ಕೆ ಪರಿಹಾರ.

ಎರಡನೆಯದು, ಉಪಕರಣವು ಬೇರೊಂದು ಮಂಡಲದಲ್ಲಿರುವುದು. ಸಂಯೋಜನಾ ಪರೀಕ್ಷೆಯಲ್ಲಿ ಅನೇಕ ವೇಳೆ ಎರಡು ಕಲ್ಪಿತ ಯಂತ್ರಗಳಿರುತ್ತವೆ. ಒಂದರಲ್ಲಿ ಪರೀಕ್ಷಕನು, ಇನ್ನೊಂದರಲ್ಲಿ ಪರೀಕ್ಷೆಗೆ ಒಳಗಾದ ಸರ್ವರು. ಪರೀಕ್ಷಕನು ಜಾಲದ ಮೂಲಕ ಪ್ರಶ್ನೆಯನ್ನು ಕಳುಹಿಸುವನು. ಉತ್ತರವನ್ನು ಕಂಡುಹಿಡಿಯುವ ಆದೇಶಗಳು ನಡೆಯುವುದು ಸರ್ವರಿನಲ್ಲಿ. ಏಜೆಂಟನ್ನು ಪರೀಕ್ಷಕನ ಯಂತ್ರದಲ್ಲಿ ಕೂರಿಸಿದರೆ ಅದಕ್ಕೆ ಏನು ಕಾಣಬೇಕು? ಸರ್ವರನ್ನು ಆರಂಭಿಸುವ ಆಜ್ಞೆಯಲ್ಲಿಯೇ ಏಜೆಂಟನ್ನು ಸೇರಿಸಬೇಕು. ಪ್ರವಾಹ ಎಲ್ಲಿಯೋ ಅಮ್ಮೀಟರು ಅಲ್ಲಿ.

ಮೂರನೆಯದು, ಬರೆದಿಡುವ ಮೊದಲೇ ಯಂತ್ರವನ್ನು ಕೊಂದುಬಿಡುವುದು. ಗುರುತುಗಳು ಕಡತಕ್ಕೆ ಇಳಿಯುವುದು ಯಂತ್ರವು ಕ್ರಮವಾಗಿ ನಿಂತಾಗ. ಬಲಾತ್ಕಾರದಿಂದ ಅದನ್ನು ನಿಲ್ಲಿಸಿದರೆ ಸ್ಮೃತಿಯಲ್ಲಿದ್ದ ಪಟ್ಟಿಯು ಅದರೊಡನೆಯೇ ನಾಶವಾಗುವುದು. ಸರ್ವರನ್ನು ಸಮಾಧಾನದಿಂದ ನಿಲ್ಲಿಸಬೇಕು. ಇಲ್ಲವೇ ಅದು ಓಡುತ್ತಿರುವಾಗಲೇ ಜಾಲದ ಮೂಲಕ ಪಟ್ಟಿಯನ್ನು ಕೇಳಿ ತೆಗೆದುಕೊಳ್ಳಬೇಕು. ಎರಡನೆಯ ಅನುಕೂಲವೂ ಜಾಕೊಕೊದಲ್ಲಿ ಉಂಟು. ವಾಡಿಕೆಯಂತೆ ೬೩೦೦ನೆಯ ದ್ವಾರದಲ್ಲಿ ಏಜೆಂಟು ಉತ್ತರ ಕೊಡುವುದು.

ನಾಲ್ಕನೆಯದು, ಪಟ್ಟಿಗೂ ಬೈಟ್‌ಕೋಡಿಗೂ ತಾಳೆಯಾಗದಿರುವುದು. ಜಾಕೊಕೊ ಪ್ರತಿಯೊಂದು ಬೈಟ್‌ಕೋಡ್ ಕಡತದ ಒಳಗಿನ ಬರಹದಿಂದಲೇ ಗಣಿಸಿದ ಒಂದು ಸಂಖ್ಯೆಯಿಂದ ಅದನ್ನು ಗುರುತಿಸುವುದು. ಪರೀಕ್ಷೆಯಲ್ಲಿ ನಡೆದ ಕಡತವೇ ಒಂದು, ವರದಿಯ ಹೊತ್ತಿಗೆ ಮಾರ್ಪಾಡಾಗಿ ಹೊಸದಾಗಿ ತಯಾರಾದದ್ದೇ ಇನ್ನೊಂದು ಆದರೆ ಸಂಖ್ಯೆಗಳು ಹೊಂದುವುದಿಲ್ಲ. ಆಗ ನಡೆದ ಸಾಲುಗಳೂ ನಡೆಯದವುಗಳಂತೆಯೇ ಕಾಣುವುವು.

ಐದನೆಯದು, ನೋಡಬೇಕಾದ ಸ್ಥಳವನ್ನು ಬಿಟ್ಟು ಬೇರೆಡೆ ನೋಡುವುದು. ದೊಡ್ಡ ಕ್ರಮವಿಧಿಗಳನ್ನು ಅನೇಕ ವಿಭಾಗಗಳಾಗಿ ಒಡೆದು, ಸಂಯೋಜನಾ ಪರೀಕ್ಷೆಗಳಿಗೆಂದೇ ಒಂದು ವಿಭಾಗವನ್ನು ಇಡುವುದುಂಟು. ವಾಡಿಕೆಯ ವರದಿಯು ಆ ಒಂದು ವಿಭಾಗದ ಸಾಲುಗಳನ್ನು ಮಾತ್ರ ನೋಡುವುದು. ಪರೀಕ್ಷೆಗೆ ಒಳಗಾದ ಸಾಲುಗಳಿರುವುದು ಇತರ ವಿಭಾಗಗಳಲ್ಲಿ. ಎಲ್ಲ ವಿಭಾಗಗಳನ್ನೂ ಕೂಡಿಸಿ ತೋರಿಸುವ 'ರಿಪೋರ್ಟ್-ಅಗ್ರಿಗೇಟ್' ಎಂಬ ಆಜ್ಞೆಯು ಇಂಥ ಸಂದರ್ಭಕ್ಕಾಗಿಯೇ ಇದೆ.

ಈ ಐದನ್ನೂ ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ. ಒಂದು ವಿಧಾನವನ್ನು ತಿಳಿದರೆ ಸಾಕು. ನಿಶ್ಚಯವಾಗಿಯೂ ನಡೆಯುವುದೆಂದು ನಮಗೆ ಗೊತ್ತಿರುವ ಒಂದು ಸಾಲನ್ನು ಆರಿಸಿಕೊಳ್ಳಬೇಕು. ಆ ಸಾಲನ್ನು ತಪ್ಪದೆ ಮುಟ್ಟುವ ಒಂದೇ ಒಂದು ಸಂಯೋಜನಾ ಪರೀಕ್ಷೆಯನ್ನು ನಡೆಸಿ ವರದಿಯನ್ನು ನೋಡಬೇಕು. ಆ ಸಾಲು ಕೆಂಪಾಗಿಯೇ ಇದ್ದರೆ ದೋಷವು ಅಳತೆಯಲ್ಲಿದೆ. ಹಸಿರಾದರೆ ಮಾತ್ರ ಉಳಿದ ಕೆಂಪು ಸಾಲುಗಳನ್ನು ನಂಬಬಹುದು. ಗೊತ್ತಿರುವ ತೂಕವನ್ನು ಇಟ್ಟು ತಕ್ಕಡಿಯನ್ನು ಪರೀಕ್ಷಿಸುವ ಕ್ರಮವೇ ಇದು.

ಕೂಡುವ ಲೆಕ್ಕ

ಎರಡು ವರದಿಗಳು ಕೈಗೆ ಬಂದುವೆಂದಿಟ್ಟುಕೊಳ್ಳೋಣ. ೧೦೦ ಸಾಲುಗಳಿರುವ ಕ್ರಮವಿಧಿಯಲ್ಲಿ ಘಟಕ ಪರೀಕ್ಷೆಗಳು ೬೦ ಸಾಲುಗಳನ್ನೂ ಸಂಯೋಜನಾ ಪರೀಕ್ಷೆಗಳು ೫೦ ಸಾಲುಗಳನ್ನೂ ಮುಟ್ಟಿವೆ. ಒಟ್ಟು ವ್ಯಾಪ್ತಿ ಎಷ್ಟು? ೧೧೦ ಎಂದರೆ ಅಸಂಬದ್ಧ. ಸರಾಸರಿ ೫೫ ಎಂದರೂ ತಪ್ಪು. ಎರಡರಲ್ಲಿಯೂ ಸಮಾನವಾಗಿ ಮುಟ್ಟಿದ ಸಾಲುಗಳೆಷ್ಟು ಎಂದು ತಿಳಿಯದೆ ಉತ್ತರ ಹೇಳುವಂತಿಲ್ಲ. ಅವು ೩೫ ಎಂದಾದರೆ, ೬೦ಕ್ಕೆ ೫೦ನ್ನು ಕೂಡಿಸಿ ೩೫ನ್ನು ಕಳೆದಾಗ ೭೫ ಬರುವುದು. ಗಣಗಳ ಸಂಯೋಗವೆಂದು ಗಣಿತದಲ್ಲಿ ಕಲಿತದ್ದೇ ಇದು. ಜಾಕೊಕೊದ 'ಮರ್ಜ್' ಎಂಬ ಆಜ್ಞೆಯು ಎರಡು ಪಟ್ಟಿಗಳ ಮನೆಗಳನ್ನು ಹೋಲಿಸಿ, ಎರಡರಲ್ಲಿ ಯಾವುದಾದರೊಂದರಲ್ಲಿ 'ಹೌದು' ಎಂದಿದ್ದರೆ 'ಹೌದು' ಎಂದು ಬರೆಯುವುದು.

ಆದರೆ ಕೂಡಿದ ಅಂಕಿಯನ್ನು ಮಾತ್ರ ಇಟ್ಟುಕೊಂಡು ಬಿಡಿ ಅಂಕಿಗಳನ್ನು ಎಸೆಯಬಾರದು. ಈ ೭೫ರಲ್ಲಿ ೨೫ ಸಾಲುಗಳನ್ನು ಘಟಕ ಪರೀಕ್ಷೆಗಳು ಮಾತ್ರ ಮುಟ್ಟಿವೆ. ಅವು ಏಕಾಂತದಲ್ಲಿ ಸರಿಯಾಗಿ ನಡೆದಿವೆ. ಇತರ ಭಾಗಗಳೊಡನೆ ಕೂಡಿದಾಗ ಹೇಗೆ ನಡೆಯುತ್ತವೆಂದು ಯಾರೂ ನೋಡಿಲ್ಲ. ಯಾವ ಪರೀಕ್ಷೆಯೂ ಮುಟ್ಟದ ೨೫ ಸಾಲುಗಳು ಇವಲ್ಲದೆ ಬೇರೆಯೇ ಇವೆ. ಹೀಗೆ ಸಂದುಗಳ ದೃಷ್ಟಿಯಿಂದ ನೋಡಿದರೆ ಕತ್ತಲಲ್ಲಿರುವ ಸಾಲುಗಳು ೨೫ ಅಲ್ಲ, ೫೦. ಮಂಗಳದ ನೌಕೆಯನ್ನು ನೆನೆದವರಿಗೆ ಈ ಎರಡನೆಯ ಅಂಕಿಯ ಮಹತ್ತ್ವವನ್ನು ಹೇಳಬೇಕಾಗಿಲ್ಲ.

ನೂರಕ್ಕೆ ನೂರರ ಅರ್ಥ

ಸೊನ್ನೆಯು ಹೇಗೆ ಮೋಸ ಮಾಡಬಹುದೋ ಹಾಗೆಯೇ ನೂರೂ ಮಾಡಬಹುದು. ನಮ್ಮ ಪುಸ್ತಕಾಲಯಕ್ಕೆ ಮರಳೋಣ. ದಂಡವನ್ನು ಎಣಿಸುವ ಘಟಕವು ಉತ್ತರವನ್ನು ಪೈಸೆಗಳಲ್ಲಿ ಕೊಡುವುದೆಂದೂ ರಸೀತಿಯನ್ನು ಮುದ್ರಿಸುವ ಘಟಕವು ಅದನ್ನು ರೂಪಾಯಿಗಳೆಂದು ತಿಳಿಯುವುದೆಂದೂ ಇಟ್ಟುಕೊಳ್ಳಿರಿ. ೧೦ ದಿನದ ತಡಕ್ಕೆ ದಂಡವು ಮೊದಲ ೭ ದಿನಗಳಿಗೆ ೩೫೦ ಪೈಸೆ, ಉಳಿದ ೩ ದಿನಗಳಿಗೆ ೩೦೦ ಪೈಸೆ, ಒಟ್ಟು ೬೫೦ ಪೈಸೆ. ರಸೀತಿಯಲ್ಲಿ ಮಾತ್ರ ೬೫೦ ರೂಪಾಯಿ ಎಂದು ಬೀಳುವುದು! ಎರಡೂ ಘಟಕಗಳು ತಮ್ಮ ತಮ್ಮ ಪರೀಕ್ಷೆಗಳಲ್ಲಿ ಗೆದ್ದಿರುತ್ತವೆ. ಈಗ ಎರಡನ್ನೂ ಕೂಡಿಸಿ ಸಂಯೋಜನಾ ಪರೀಕ್ಷೆಯನ್ನು ನಡೆಸಿದೆವು; ಆದರೆ ರಸೀತಿ ಹೊರಬಂದಿತೇ ಎಂದು ಮಾತ್ರ ನೋಡಿ, ಅದರಲ್ಲಿರುವ ಮೊತ್ತವನ್ನು ಸರಿಯಾದ ಉತ್ತರದೊಡನೆ ಹೋಲಿಸಲಿಲ್ಲ. ಸಾಲುಗಳೆಲ್ಲ ನಡೆದವು, ವರದಿಯೆಲ್ಲ ಹಸಿರಾಯಿತು, ತಪ್ಪು ಮಾತ್ರ ಎಲ್ಲಿತ್ತೋ ಅಲ್ಲಿಯೇ ಉಳಿಯಿತು.

ಇನ್ನೊಂದು ಮಿತಿಯೂ ಉಂಟು. ಪುಸ್ತಕಾಲಯಕ್ಕೆ ರಜೆಯಿದ್ದ ದಿನಗಳಿಗೆ ದಂಡವಿಲ್ಲವೆಂಬ ನಿಯಮವಿದ್ದು, ಬರೆದವರು ಅದನ್ನು ಮರೆತೇಬಿಟ್ಟಿದ್ದರೆ, ವ್ಯಾಪ್ತಿಯ ಮಾಪನವು ಅದನ್ನು ಎಂದಿಗೂ ತೋರಿಸಲಾರದು. ಬರೆದ ಸಾಲುಗಳಲ್ಲಿ ನಡೆದವೆಷ್ಟೆಂದು ಅದು ಹೇಳೀತೇ ಹೊರತು ಬರೆಯದ ಸಾಲನ್ನು ಎಣಿಸುವುದು ಸಾಧ್ಯವಿಲ್ಲ.

ಈ ಮಿತಿಗಳನ್ನು ಅರಿತವರು ವ್ಯಾಪ್ತಿಯನ್ನು ಹೇಗೆ ಬಳಸುತ್ತಾರೆಂಬುದಕ್ಕೆ ವಿಮಾನಗಳ ತಂತ್ರಾಂಶಕ್ಕಾಗಿ ೧೯೯೨ರಲ್ಲಿ ರಚಿತವಾದ ಡಿಓ-೧೭೮ಬಿ ಎಂಬ ಮಾರ್ಗದರ್ಶಿಯು ಒಳ್ಳೆಯ ನಿದರ್ಶನ. ಅಲ್ಲಿ ಪರೀಕ್ಷೆಗಳನ್ನು ರಚಿಸಬೇಕಾದುದು, ವಿಮಾನವು ಏನು ಮಾಡಬೇಕೆಂಬ ಬೇಡಿಕೆಗಳಿಂದ. ಹಾಗೆ ರಚಿಸಿದ ಪರೀಕ್ಷೆಗಳನ್ನು ನಡೆಸಿದ ಮೇಲೆ ವ್ಯಾಪ್ತಿಯನ್ನು ಅಳೆಯುವರು. ಯಾವುದಾದರೂ ಸಾಲು ನಡೆಯದೆ ಉಳಿದಿದ್ದರೆ ಒಂದೋ ಪರೀಕ್ಷೆ ಸಾಲದು, ಒಂದೋ ಬೇಡಿಕೆಯನ್ನು ಪೂರ್ತಿಯಾಗಿ ಬರೆದಿಲ್ಲ, ಇಲ್ಲವೇ ಆ ಸಾಲೇ ಬೇಡವಾದುದು. ಅಂಕಿಯನ್ನು ಏರಿಸಬೇಕೆಂದು ಪರೀಕ್ಷೆ ಬರೆಯುವ ಕ್ರಮಕ್ಕೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ಅಂಕಿಯು ಗುರಿಯಲ್ಲ; ಎಲ್ಲಿ ಮತ್ತೊಮ್ಮೆ ಯೋಚಿಸಬೇಕೆಂದು ತೋರಿಸುವ ಬೆರಳು.

ಹೀಗೆ ವ್ಯಾಪ್ತಿಯ ಮಾಪನವು ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದು: ನಾವು ಎಲ್ಲೆಲ್ಲಿ ಹೋಗಿ ನೋಡಿಲ್ಲ? ಉಪಕರಣವು ಮಂಡಲದೊಳಗಿದೆಯೆಂದು ಖಚಿತಪಡಿಸಿಕೊಂಡವನಿಗೆ ಆ ಉತ್ತರವು ಅಮೂಲ್ಯವಾದುದು. ನೋಡಿದ ಸ್ಥಳದಲ್ಲಿ ಕಂಡದ್ದು ಸರಿಯೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರವನ್ನು, ಬಂದ ಫಲವನ್ನು ಬರಬೇಕಾದ ಫಲದೊಡನೆ ಹೋಲಿಸಿ, ಪರೀಕ್ಷೆಯನ್ನು ಬರೆಯುವವನೇ ಕೊಡಬೇಕು.